ಬಿಳಿಗಾಡಿಯ ಮುಯ್ಯಿ

ಪುಷ್ಯಮಾಸದ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಣಕನಹಾಳದ ಸುತ್ತಲಿನ ಕಣಗಳೆಲ್ಲ ಕೆಂಪಾಗಿದ್ದವು. ಎರಡನೆಯ ಸಲ ಬಿಡಿಸಿ ತಂದ ಮೆಣಸಿನಕಾಯಿಯನ್ನು ಹೆಂಗಸರು ಸಾಲಾಗಿ ಕುಳಿತು ಆರಿಸುತ್ತಿದ್ದರು. ಬಿಳಿಚಿಕೊಂಡ ಕಾಯಿ ಒಂದು ಕಡೆ, ಸುಕ್ಕು ಚೆನ್ನಾಗಿ ಕೂತ ಕಾಯಿ ಇನ್ನೊಂದು ಕಡೆ. ಗಾಳಿ ತುಸು ತಿರುಗಿದರೂ ಸಾಕು, ಕಣದ ಈ ತುದಿಯಿಂದ ಆ ತುದಿಯವರೆಗೆ ಸೀನು ಹರಿದುಹೋಗುತ್ತಿತ್ತು. ಆರಿಸುವ ಕೆಲಸಕ್ಕೆ ಯಂತ್ರ ಬಂದು ಎಷ್ಟೋ ಕಾಲವಾಗಿತ್ತು. ಆದರೆ ಗುರುಪಾದಪ್ಪನ ಹೆಂಡತಿ ಶಂಕ್ರವ್ವನಿಗೆ ಯಂತ್ರ ಆರಿಸಿದ ಕಾಯಿಯ ಮೇಲೆ ಮನಸ್ಸು ನಿಲ್ಲದು.

ಸೊಸೆ ಚಂಪಾ ಕೆಲಸಕ್ಕೆ ಹೊರಡುವ ಮುಂಚೆ ಒಂದು ಗಂಟೆ ಅತ್ತೆಯ ಪಕ್ಕ ಕೂತು ಕಾಯಿ ಆರಿಸಿ ಏಳುವುದು ರೂಢಿ. ಅವತ್ತು ಅವಳ ಕಣ್ಣು ಕಾಯಿಯ ಮೇಲೆ ಇರಲಿಲ್ಲ. ಕಣದಾಚೆ ಮಾವ ಬಿಳಿಗಾಡಿಯನ್ನು ತೊಳೆಯುತ್ತಿದ್ದ.

ಬಿಳಿಗಾಡಿ ಎನ್ನುವುದು ಹೆಸರಿಗಷ್ಟೇ. ಏಳು ಜನ ಕೂಡುವ ಆ ಕಾರು ಗುರುಪಾದಪ್ಪನ ಮದುವೆಯ ವರ್ಷ ಮನೆಗೆ ಬಂದಾಗ ಹಾಲಿನಂತೆ ಬೆಳ್ಳಗಿತ್ತಂತೆ. ಈಗ ಅದರ ಒಂದು ಬಾಗಿಲು ಹಸಿರು, ಒಂದು ನೀಲಿ, ಮುಂದಿನ ಮುಚ್ಚಳ ಕಂದು. ಆಗ ಊರಿಗೆಲ್ಲ ಅದೊಂದೇ ಗಾಡಿ. ಬಸುರಿ ಹೆಂಗಸರನ್ನು ಆಸ್ಪತ್ರೆಗೆ ಒಯ್ಯುವುದು ಅದರದೇ ಕೆಲಸ, ಬಾಣಂತಿ ಕೂಸುಗಳನ್ನು ಮನೆಗೆ ತರುವುದೂ ಅದರದೇ. ಗುರುಪಾದಪ್ಪ ಬಾಡಿಗೆ ಮುಟ್ಟುತ್ತಿರಲಿಲ್ಲ. ಹಾಗಂತ ಊರಿನವರು ಸುಮ್ಮನಿರುವ ಪೈಕಿಯೇ? ಮದುವೆಮನೆಗೆ ಉಡುಗೊರೆ ಒಯ್ದು ಮುಯ್ಯಿ ಮಾಡುವಂತೆ ಗಾಡಿಗೇ ಮುಯ್ಯಿ ಮಾಡತೊಡಗಿದರು. ಕೂಸು ತೊಟ್ಟಿಲಿಗೆ ಬಿದ್ದ ದಿನ ಆ ಮನೆಯ ಹಿರಿಯರು ಗಾಡಿಯ ಮುಂದೆ ನಿಂತು, "ಏನು ಕಮ್ಮಿ ಐತಿ ನಿನಗ?" ಎಂದು ಕೇಳಬೇಕು, ಕಮ್ಮಿಯಾದದ್ದನ್ನು ಹಾಕಿಸಿಕೊಡಬೇಕು. ಮೊದಲು ಒಂದು ಚಕ್ರ ಬಂತು. ಆಮೇಲೆ ಬಾಗಿಲು, ಆಸನ, ದೀಪ. ಡೀಸೆಲ್ ಸಿಗುವುದು ನಿಂತುಹೋದ ವರ್ಷ ದೇಸಾಯರ ಮನೆಯಲ್ಲಿ ಅವಳಿ ಮಕ್ಕಳು ಹುಟ್ಟಿ, ಅವರು ಎಂಜಿನ್ ತೆಗೆಸಿ ವಿದ್ಯುತ್ ಮೋಟಾರನ್ನೇ ಕೂರಿಸಿಕೊಟ್ಟರು. ಚಂಪಾಳ ಮಗಳು ಹುಟ್ಟಿದಾಗ ಗುರುಪಾದಪ್ಪ, ತನ್ನ ಗಾಡಿಗೆ ತಾನೇ ಮುಯ್ಯಿ ಮಾಡುವುದೇನು ಎನ್ನದೆ, ಹೊಸ ಸ್ಟೇರಿಂಗ್ ಹಾಕಿಸಿದ್ದ.

ಈಗ ಗುರುಪಾದಪ್ಪನ ಮಗಳು ಸುಮಿತ್ರಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬಿತ್ತು. ಮಾವ ಗಾಡಿ ತೊಳೆಯುತ್ತಿದ್ದದ್ದು ಅದಕ್ಕೆ.

"ಏನ್ ತಿಕ್ಕತಿ ಅಣ್ಣಾ ಹಂಗ? ಇದ್ದಬಿದ್ದ ಬಣ್ಣಾನೂ ಹೋದೀತು," ಎಂದು ಕಣದಿಂದ ಹುಸೇನಬಿ ಕೂಗಿದಳು. ಪಕ್ಕದ ಓಣಿಯವಳು, ಶಂಕ್ರವ್ವನ ಜೋಡಿ ಕಾಯಿ ಆರಿಸುತ್ತ ಮುದುಕಿಯಾದವಳು.

"ನಿನ್ನ ಬಂಪರ್ ತೊಳ್ಯಾಕತ್ತೇನಿ. ಊರಿನ ಧೂಳೆಲ್ಲಾ ಅದಕ್ಕ ಹತ್ತತೈತಿ."

"ಹತ್ತವಲ್ದ್ಯಾಕ! ಆನೆ ಗುದ್ದಿದ್ರೂ ಬಾಗಂಗಿಲ್ಲ ಅದು. ನಮ್ಮ ಮನಿಯವರು ಕೈಯಾರೆ ಬೆಸದದ್ದು."

ಚಂಪಾ ಸೆರಗು ಕೊಡವಿಕೊಂಡು ಎದ್ದಳು.

*

ಚಂಪಾಳ ಕೆಲಸ ಜಿಲ್ಲಾ ಊರಿನ ಆಯುಷ್ಯ ಕೇಂದ್ರದಲ್ಲಿ. ಅಲ್ಲಿ ಕಿಟಕಿಗಳಿಲ್ಲದ ಒಂದು ದೊಡ್ಡ ಕೋಣೆ. ಅದರ ಒಂದು ಗೋಡೆಯ ತುಂಬ ದೀಪದ ಚುಕ್ಕೆಗಳು. ಒಂದೊಂದು ಚುಕ್ಕೆ ಒಂದೊಂದು ಕಾರು. ಹೊಸದು ಹಸಿರು, ಹಳೆಯದಾದಂತೆ ಹಳದಿ, ಕೊನೆಗಾಲಕ್ಕೆ ಕೆಂಪು.

ಇದಕ್ಕೆಲ್ಲ ಮೂಲ ಒಂದು ಸಣ್ಣ ಉಪಕರಣ. ಸರ್ಕಾರಿ ಕಾಗದದಲ್ಲಿ ಅದರ ಹೆಸರು ಲೋಹಶ್ರವಣ. ಜನರ ಬಾಯಲ್ಲಿ ಬರೀ 'ಕಿವಿ'. ತಂತಿಯನ್ನು ಹಿಂದೆ ಮುಂದೆ ಮಣಿಸುತ್ತ ಹೋದರೆ ಒಂದು ಹೊತ್ತಿಗೆ ಅದು ಮುರಿಯುತ್ತದೆ. ಕಾರಿನ ಕಬ್ಬಿಣವೂ ಪ್ರತಿ ತಗ್ಗಿಗೆ, ಪ್ರತಿ ತಿರುವಿಗೆ ಹೀಗೆ ಮಣಿದು ಮಣಿದು ಒಳಗೊಳಗೆ ಬಿರಿಯುತ್ತಿರುತ್ತದೆ. ಆ ಬಿರಿಯುವ ಸಪ್ಪಳ ಮನುಷ್ಯರ ಕಿವಿಗೆ ಕೇಳಿಸದು. ಕೂದಲೆಳೆಯಂಥ ಗಾಜಿನ ದಾರವನ್ನು ಲೋಹಕ್ಕೆ ಅಂಟಿಸಿದರೆ ಆ ದಾರಕ್ಕೆ ಕೇಳಿಸುತ್ತದೆ. ಕೇಳಿಸಿಕೊಂಡು, ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳುತ್ತದೆ. ಹೇಳಿದ್ದು ತಪ್ಪಿದ್ದಿಲ್ಲ.

ಕಿವಿ ಬಂದ ಮೇಲೆ ರಸ್ತೆಯ ಸಾವು ಕಡಿಮೆಯಾದವು. ಅದರ ಜೊತೆ ಯಾರೂ ಎಣಿಸದ ಇನ್ನೊಂದು ಸಂಗತಿಯೂ ನಡೆಯಿತು. ಕಾರಿನ ಆಯುಷ್ಯ ಗೊತ್ತಿರದ ಕಾಲದಲ್ಲಿ ಜನ ಅದನ್ನು ಹತ್ತು ವರ್ಷ, ಹದಿನೈದು ವರ್ಷ ಇಟ್ಟುಕೊಳ್ಳುತ್ತಿದ್ದರು. ಕೆಟ್ಟರೆ ಬೈಯುತ್ತ ರಿಪೇರಿ ಮಾಡಿಸುತ್ತಿದ್ದರು, ಮಾರುವಾಗ ಒಂದು ಸಲ ಹಿಂದಿರುಗಿ ನೋಡುತ್ತಿದ್ದರು. ಈಗ ದಿನಬೆಳಗಾದರೆ ಕನ್ನಡಿಯ ಕೆಳಗೆ ಒಂದು ಅಂಕಿ ಇಳಿಯುತ್ತ ಹೋಗುವುದು ಕಾಣುತ್ತದೆ. ಸಾಯುವುದೆಂದು ಗೊತ್ತಾದ ವಸ್ತುವಿನ ಮೇಲೆ ಯಾರಿಗೂ ಮನಸ್ಸು ಕೂರಲಿಲ್ಲ. ಅಂಕಿ ಅರ್ಧಕ್ಕೂ ಬರುವ ಮುಂಚೆ, ಮೂರನೆಯ ವರ್ಷಕ್ಕೆ, ಕೊಟ್ಟು ಹೊಸದು ತರುವುದೇ ರೂಢಿಯಾಯಿತು. ಕಂಪನಿಗಳೂ ಮೂರು ವರ್ಷದ ಮಟ್ಟಿಗೆಂದೇ ಕಾರು ಕೊಡತೊಡಗಿದವು. ಹೀಗಾಗಿ ಚಂಪಾಳ ಮುಂದಿನ ಗೋಡೆ ಯಾವಾಗಲೂ ಹಸಿರು ಗದ್ದೆಯಂತಿರುತ್ತಿತ್ತು. ಕೆಂಪು ಚುಕ್ಕೆಯನ್ನು ಅವಳು ತರಬೇತಿಯಲ್ಲಿ ನೋಡಿದ್ದೇ ಹೊರತು ಗೋಡೆಯ ಮೇಲೆ ನೋಡಿರಲಿಲ್ಲ.

"ಚಂಪಾಬಾಯರ," ಎಂದು ಮೇಲಧಿಕಾರಿ ಕುಲಕರ್ಣಿ ಚಹಾದ ಲೋಟ ಹಿಡಿದು ಬಂದ. "ಕಿವಿ ಇಲ್ಲದ ಹಳ್ಳಿ ಗಾಡಿಗಳಿಗೆ ಕೊಟ್ಟಿದ್ದ ಮಾಫಿ ಈ ತಿಂಗಳಿಗೆ ಮುಗೀತು. ನಿಮ್ಮ ಮನಿ ಐತಿಹಾಸಿಕ ಸ್ಮಾರಕಕ್ಕ ಯಾವಾಗ ಕಿವಿ ಚುಚ್ಚಸ್ತೀರಿ?"

"ನಾಳೆ ಚುಚ್ಚತೇನ್ರಿ ಸರ್."

"ಹಾಲು ಸಕ್ಕರೆ ನಮಗೂ ಇರಲಿ ಮತ್ತ."

*

ಮರುದಿನ ಸಂಜೆ ಚಂಪಾ ಗಾಡಿಯ ಅಡಿಗೆ ಗೋಣಿತಟ್ಟು ಹಾಸಿಕೊಂಡು ತೂರಿ ಗಾಜಿನ ಎಳೆ ಅಂಟಿಸತೊಡಗಿದಳು. ಗುರುಪಾದಪ್ಪ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ಹೇಳುತ್ತಿದ್ದ.

"ಅದು ಕಂಬಳಿಯವರ ಮನಿದು, ಸವಕಾಶ ಹಚ್ಚು. ಅದು ಬಡಿಗ್ಯಾರ ದೊಡ್ಡ ಸೊಸಿ ಹಡದಾಗ ಬಂದದ್ದು. ಹಡಿಯೂ ಮುಂದ ಏನ್ ಮಳಿ ಅಂತಿ! ಹಳ್ಳ ತುಂಬಿ ಹರ್ಯಾಕತ್ತಿತ್ತು. ಗಾಡಿ ಹೂಂ ಅಂತು ನೋಡು, ದಾಟೇ ಬಿಡ್ತು."

"ಈ ತಗಡ ಯಾರದ್ರಿ ಮಾವಾರ? ಭಾಳ ದಪ್ಪ ಐತಿ."

"ಬಡಿಗ್ಯಾರದಕ್ಕ ಜಿದ್ದು ಹಾಕಿ ಅವರ ಬೀಗರು ಕೊಟ್ಟದ್ದು. ಮುಯ್ಯಿ ಅಂದ್ರ ಹಂಗ ಅಲ್ಲೇನವಾ? ಹಿಂದಿನವರು ಕೊಟ್ಟದ್ದಕ್ಕಿಂತ ಒಂದು ತೂಕ ಹೆಚ್ಚಿಗಿನ ಇರಬೇಕು. ಇಲ್ಲಾಂದ್ರ ಮಂದಿ ಮುಂದ ಮಾರಿ ಎತ್ತಾಕ ಬರತೈತಿ?"

ಎಳೆಗಳನ್ನು ಅಂಟಿಸಿದ ಮೇಲೆ ಮಾವ ಸೊಸೆ ಗಾಡಿ ಹತ್ತಿ ಕೆರೆ ಏರಿಯವರೆಗೆ ಹೋಗಿಬಂದರು. ಒಳಗೆ ಒಣಮೆಣಸಿನಕಾಯಿಯ ಘಾಟು, ಬಾಣಂತಿಯರ ಬಜೆಯ ವಾಸನೆ, ಹಳೆಯ ರೆಕ್ಸಿನ್ನಿನ ಬಿಸಿಲುವಾಸನೆ. ಮದುವಣಗಿತ್ತಿಯಾಗಿ ಚಂಪಾ ಇದೇ ವಾಸನೆಯಲ್ಲಿ ಈ ಊರಿಗೆ ಬಂದಿಳಿದಿದ್ದಳು. ಇಳಿಯುವಾಗ ಸೀರೆ ಬಾಗಿಲಿಗೆ ಸಿಕ್ಕಿ ಹರಿದು ಅವಳು ಅಳತೊಡಗಿದಾಗ ಇದೇ ಮಾವ, "ನಮ್ಮ ಗಾಡಿ ನಿನ್ನ ಬಿಡವಲ್ದು ಯವ್ವಾ, ಮೆಚ್ಚೇತಿ," ಎಂದು ನಗಿಸಿದ್ದ.

ಮನೆಗೆ ಬಂದು ಅವಳು ಕೈಯಲ್ಲಿನ ಪರದೆ ನೋಡಿದಳು. ಚಕ್ರ ಚೆನ್ನಾಗಿದೆ. ಮೋಟಾರು ಚೆನ್ನಾಗಿದೆ. ಬಾಗಿಲು, ಆಸನ, ಬಂಪರು ಇನ್ನೊಂದು ತಲೆಮಾರು ಬಾಳುತ್ತವೆ. ಎಲ್ಲಕ್ಕೂ ಕೆಳಗೆ ಒಂದು ಹೆಸರಿತ್ತು: ಚಾಸಿ. ಎಲ್ಲವನ್ನೂ ಹೊತ್ತ ಉದ್ದನೆಯ ಆ ಎರಡು ಕಬ್ಬಿಣದ ತೊಲೆ, ಗಾಡಿಯ ಬೆನ್ನೆಲುಬು. ಮೊದಲ ದಿನದಿಂದ ಇದ್ದದ್ದು ಅದೊಂದೇ. ಅದರ ಮುಂದೆ, ತರಬೇತಿಯ ಹೊರಗೆ ಮೊದಲ ಬಾರಿಗೆ, ಅವಳಿಗೆ ಕೆಂಪು ಬಣ್ಣ ಕಂಡಿತು.

"ಏನಂತೈತಿ?" ಎಂದ ಗುರುಪಾದಪ್ಪ.

"ಇನ್ನೂ ಲೆಕ್ಕಾ ಹಾಕಾಕತ್ತೇತ್ರಿ," ಎಂದು ಚಂಪಾ ಪರದೆಯನ್ನು ಮಗುಚಿದಳು.

*

ಕುಲಕರ್ಣಿ ಅಂಕಿಗಳನ್ನು ಬಹಳ ಹೊತ್ತು ನೋಡಿದ. ತಮಾಷೆ ಮಾಡಲಿಲ್ಲ.

"ಚಾಸಿಗೆ ಇದು ವಯಸ್ಸಿನಿಂದ ಬಂದ ದಣಿವಲ್ಲರಿ. ಹೊರಬಾರದ ಭಾರ ಹೊತ್ತದ್ದು. ಮೂಲ ತೂಕಕ್ಕಿಂತ ಹೆಚ್ಚೂಕಡಿಮಿ ಅರ್ಧ ಜಾಸ್ತಿ ಆಗೇತಿ. ಹೆಂಗಾತಿದು?"

ಹೇಗಾಯಿತೆಂದು ಚಂಪಾಳಿಗೆ ರಾತ್ರಿಯೇ ಹೊಳೆದಿತ್ತು. ತೆಳ್ಳಗಿನ ಬಾಗಿಲಿದ್ದಲ್ಲಿ ದಪ್ಪ ಬಾಗಿಲು, ತಗಡಿದ್ದಲ್ಲಿ ಹಲಗೆ, ಹಲಗೆ ಇದ್ದಲ್ಲಿ ಕಬ್ಬಿಣ. ಯಾರೂ ಕಡಿಮೆ ಕೊಟ್ಟವರಲ್ಲ. ಕೊಟ್ಟವರು ಯಾರೂ ಬಗ್ಗಿ ಅಡಿಗೆ ನೋಡಿದವರಲ್ಲ.

"ಒಂದು ದಾರಿ ಐತಿ," ಎಂದು ಕುಲಕರ್ಣಿ ದನಿ ತಗ್ಗಿಸಿದ. "ನಿಯಮದಾಗ ಎಲ್ಲಾ ಭಾಗದ ಸರಾಸರಿ ತಗೋಬೇಕು ಅಂತ ಬರದಾರ. ನಗರದ ಕಾರಿಗೆ ಬರದದ್ದು ಅದು. ಅಲ್ಲೆ ಎಲ್ಲಾ ಭಾಗಾನೂ ಒಂದ ವಯಸ್ಸಿನವು. ಸರಾಸರಿ ಹಾಕಿದ್ರ ನಿಮ್ಮ ಗಾಡಿ ಹಸರ ಚುಕ್ಕಿ. ಯಾರೂ ಕೇಳಂಗಿಲ್ಲ. ನಿಮ್ಮ ಮಾವಾರು ಮುಪ್ಪಿನ ಕಾಲಕ್ಕ ಖುಷಿಯಾಗಿರಲಿ."

"ನೀವಾಗಿದ್ರ ಹಾಕ್ತಿದ್ರೇನ್ರಿ ಸರ್?"

"ನಮ್ಮ ಮನ್ಯಾಗ ಇಂಥಾ ಗಾಡಿ ಇಲ್ಲಲ್ಲವಾ," ಎಂದು ಅವನು ಲೋಟ ತೆಗೆದುಕೊಂಡು ಹೋದ.

ಚಂಪಾ ಸರಾಸರಿಯ ಅಂಕಿಯನ್ನು ಬರೆದಳು. ನಿಜಕ್ಕೂ ಹಸಿರು ಬಂತು. ಮಾವನ ಮುಖ ಕಣ್ಮುಂದೆ ಕಟ್ಟಿತು. ಅದರ ಹಿಂದೆಯೇ ಹಿಂದಿನ ಆಸನದಲ್ಲಿ ಹೊಟ್ಟೆ ಹಿಡಿದು ಕೂತ ಸುಮಿತ್ರಾ, ಹೆದ್ದಾರಿಯ ಇಳಿಜಾರು, ನಡುಮಧ್ಯೆ ಎರಡಾಗಿ ಕುಸಿದ ಬೆನ್ನೆಲುಬು. ಬರೆದದ್ದನ್ನು ಅಳಿಸಿದಳು.

*

"ಸುಮಿತ್ರಾನ್ನ ಈ ಗಾಡ್ಯಾಗ ಕಳಸೂದು ಬ್ಯಾಡ್ರಿ ಮಾವಾರ. ಯಾರೂ ಕೂಡೂದು ಬ್ಯಾಡ. ಚಾಸಿ ದಣದೈತಿ."

ರೊಟ್ಟಿ ತಟ್ಟುತ್ತಿದ್ದ ಶಂಕ್ರವ್ವನ ಕೈ ನಿಂತಿತು. ಗುರುಪಾದಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟ.

"ದಣ್ಯಾಕ ಅದೇನ್ ಎತ್ತ?"

"ನಾ ಸಾಲಿಗೆ ಹೋಗಿದ್ದು ಇದರಾಗ, ಗಂಡನ ಮನಿಗೆ ಹೋಗಿದ್ದು ಇದರಾಗ," ಎಂದಳು ಸುಮಿತ್ರಾ. "ಈಗ ಇದೊಂದಕ್ಕ ಬ್ಯಾಡಂದ್ರ ಹೆಂಗ ವೈನಿ?"

"ಊರ ಹೆಣಮಕ್ಕಳೆಲ್ಲಾ ಇದರಾಗ ಹಡ್ಯಾಕ ಹೋಗ್ಯಾರ," ಎಂದಳು ಶಂಕ್ರವ್ವ. "ನಮ್ಮ ಮಗಳಿಗೆ ಮಾತ್ರ ಹೊಸಾ ಗಾಡಿ ಅಂದ್ರ ಮಂದಿ ಏನಂದಾರು? ತಮ್ಮ ಮಗಳ ಜೀವಾ ಹೆಚ್ಚು, ನಮ್ಮ ಹೆಣಮಕ್ಕಳು ಅಗ್ಗ ಆಗಿದ್ರೇನು ಅನ್ನಂಗಿಲ್ಲ?"

ಆ ಮಾತು ಚಂಪಾಳಿಗೆ ತಾಗಿತು.

"ಎಲ್ಲಾ ಹೊಸಾವು ಅದಾವಲ್ಲವಾ," ಎಂದು ಗುರುಪಾದಪ್ಪ ಸಮಾಧಾನದಿಂದ ಕೇಳಿದ. "ಒಂದೊಂದ ಮನಿಯವರು ಒಂದೊಂದ ಕೊಟ್ಟು ಗಾಡಿ ಹರೇಕ್ಕ ಬಂದೇತಿ. ನಿನ್ನ ಯಂತ್ರಾ ಏನರ ತಪ್ಪಿರಬೇಕು."

"ನೀವ ಕೇಳ್ರಿ ಹಂಗಾರ."

ಅವಳು ಮಾವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಕಿವಿಗೆ ಗುಂಡಿಯಂಥ ಎರಡು ಸಾಧನ ಇಟ್ಟಳು. ಸುಮಿತ್ರಾಳ ಅಣ್ಣ, ಚಂಪಾಳ ಗಂಡ ಕಲ್ಲಪ್ಪ, ಗಾಡಿಯನ್ನು ಅಂಗಳದಲ್ಲೇ ನಿಧಾನ ಹಿಂದೆ ಮುಂದೆ ಆಡಿಸಿದ. ಕಬ್ಬಿಣದ ಸಪ್ಪಳವನ್ನು ಯಂತ್ರ ಮನುಷ್ಯರಿಗೆ ಕೇಳುವಂತೆ ಮಾಡಿ ಕೊಡುತ್ತಿತ್ತು. ಮೊದಲು ಚಕ್ರ: ಕಂಚಿನ ಬಟ್ಟಲು ತಾಗಿದಂತೆ ಖಣಿ. ಆಮೇಲೆ ಹುಸೇನಬಿಯ ಗಂಡ ಬೆಸೆದ ಬಂಪರು: ದಪ್ಪ ದನಿ, ಗಟ್ಟಿಮುಟ್ಟು. ಮುದುಕ ನಕ್ಕ. "ಸಾಬನ ಕೈಗುಣ ನೋಡು!"

ಆಮೇಲೆ ಚಂಪಾ ಚಾಸಿಯ ಎಳೆಗೆ ತಿರುಗಿಸಿದಳು.

ಒಣಗಿದ ಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದಂಥ ಸಪ್ಪಳ. ಚರಚರ, ಚರಚರ. ಗಾಡಿ ಮುಂದೆ ಹೋದರೂ ಅದೇ, ಹಿಂದೆ ಬಂದರೂ ಅದೇ. ಗುರುಪಾದಪ್ಪನ ನಗೆ ಮುಖದ ಮೇಲೆಯೇ ಆರಿತು. ಕಾಯಿ ಎಷ್ಟು ಒಣಗಿದರೆ ಆ ಸಪ್ಪಳ ಬರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಯಾವಾಗಿಂದ ಹಿಂಗ ಅನ್ನಾಕತ್ತೇತಿ ಇದು?"

"ಭಾಳ ವರ್ಷ ಆಗಿರಬೇಕ್ರಿ."

"ಯಾಕ?"

ಚಂಪಾ, ಹೇಳದೆ ಇದ್ದರೆ ಅವನೇ ಏನೇನೋ ಕಲ್ಪಿಸಿಕೊಂಡಾನು ಎಂದು, "ಭಾರಕ್ಕ್ರಿ. ಕೊಟ್ಟದ್ದೆಲ್ಲಾ ಒಂದಕ್ಕಿಂತ ಒಂದು ಭಾರ," ಎಂದಳು.

ಮುದುಕ ಗಾಡಿಯ ಮುಚ್ಚಳದ ಮೇಲೆ ಕೈಯಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ.

"ಎಲ್ಲಾರೂ ಎಲ್ಲಾನೂ ಕೊಟ್ರು, ಬೆನ್ನಲುಬು ಮಾತ್ರ ಯಾರೂ ಕೊಡಲಿಲ್ಲ ನೋಡವಾ."

"ಅದು ಯಾರ ಕಣ್ಣಿಗೂ ಬಿದ್ದಿದ್ದಿಲ್ರಿ."

"ನನ್ನ ಕಣ್ಣಿಗರ ಬೀಳಬೇಕಾಗಿತ್ತು," ಎಂದ.

*

ಕಬ್ಬಿಣ ಕರಗಿಸುವ ಅಂಗಳಕ್ಕೆ ಗಾಡಿ ಹೋಗಬೇಕೆಂದು ನಿಶ್ಚಯವಾದ ಮೇಲೆ ಗುರುಪಾದಪ್ಪ ಹೊಸದೊಂದು ಹಟ ಹಿಡಿದ. ಚಾಸಿ ಸತ್ತಿದೆ, ಅದು ಹೋಗಲಿ. ಉಳಿದದ್ದು ಊರಿನದು, ಯಾರದು ಅವರಿಗೆ ಮುಟ್ಟಬೇಕು. ಕಲ್ಲಪ್ಪನನ್ನು ಕೂಡಿಸಿಕೊಂಡು ಬಿಚ್ಚಲು ಸುರುಮಾಡಿದ. ಬಂಪರು, ಎರಡು ಬಾಗಿಲು ಟ್ರಾಲಿಯಲ್ಲಿ ಹೇರಿಕೊಂಡು ಓಣಿ ಓಣಿ ಸುತ್ತಿದ. ಚಂಪಾ ಅವನ ಹಿಂದೆ ಹೋದಳು.

ಮೊದಲ ಮನೆಯವರು ಚಹಾ ಕೊಟ್ಟು, ಬಾಗಿಲನ್ನು ಮುಟ್ಟದೆ ಕಳಿಸಿದರು. ಎರಡನೆಯ ಮನೆಯ ಹಿರಿಯ, "ನಮ್ಮಿಂದ ಏನ್ ತಪ್ಪಾತು?" ಎಂದು ಕೇಳಿ ಕಣ್ಣಲ್ಲಿ ನೀರು ತಂದುಕೊಂಡ. ಹುಸೇನಬಿ ಹೊಸ್ತಿಲಲ್ಲಿ ನಿಂತು ಬಂಪರನ್ನೂ ಗುರುಪಾದಪ್ಪನನ್ನೂ ಬದಲಿಸಿ ಬದಲಿಸಿ ನೋಡಿದಳು.

"ಏನಿದು?"

"ನಿಮ್ಮದು ನಿಮಗ ತಂದೇನಿ."

"ನನ್ನ ಮೊಮ್ಮಗ ಈಗ ಮೀಸಿ ಬಂದವ ಅದಾನ, ಗುರುಪಾದಣ್ಣಾ. ಅವನ್ನ ತಿರುಗಿ ಅವರವ್ವನ ಹೊಟ್ಟ್ಯಾಗ ಇಡತಿಯೇನು? ಆಗಂಗಿಲ್ಲ ಹೌದಿಲ್ಲೋ? ಹಂಗಾರ ಬಂಪರೂ ವಾಪಸ್ ಬರಂಗಿಲ್ಲ. ತಗೊಂಡು ನಡಿ. ನೀ ಬುದ್ಧಿಗೆಟ್ಟರ ನಾನೂ ಕೆಡಬೇಕೇನು?"

"ಇದರ ಭಾರಕ್ಕ ಗಾಡಿ ಸತ್ತೇತಿ ಬೇ."

ಹುಸೇನಬಿ ಹೊಸ್ತಿಲ ಮೇಲೆ ಕೂತಳು. "ನಮ್ಮ ಮನಿಯವರು ಗಟ್ಟಿಯಾಗಿರಲಿ ಅಂತ ಮಾಡಿದ್ರಣ್ಣಾ," ಎಂದಳು.

"ಗೊತ್ತವಾ. ನಂಗೊತ್ತಿಲ್ಲೇನು?"

ಟ್ರಾಲಿ ತುಂಬಿದ್ದು ತುಂಬಿದಂತೆಯೇ ಮನೆಗೆ ಬಂತು. ಬಿಚ್ಚಿದ್ದನ್ನೆಲ್ಲ ತಿರುಗಿ ಜೋಡಿಸಿದರು. ಹೋಗುವುದಾದರೆ ಇಡಿಯಾಗಿ ಹೋಗಲಿ ಎಂದ ಗುರುಪಾದಪ್ಪ. ಒಯ್ಯುವ ಲಾರಿ ಬಂದ ದಿನ ಶಂಕ್ರವ್ವ ಕುಪ್ಪಸಕ್ಕೆ ಹಸಿರು ಖಣ, ತೆಂಗಿನಕಾಯಿ, ಐದು ಹಿಡಿ ಅಕ್ಕಿ ತಂದು ಮುಂದಿನ ಆಸನದ ಮೇಲಿಟ್ಟು, ತವರಿನಿಂದ ಹೊರಟ ಮಗಳಿಗೆ ತುಂಬುವಂತೆ ಗಾಡಿಗೆ ಉಡಿ ತುಂಬಿದಳು. ಕಣದಲ್ಲಿ ಕಾಯಿ ಆರಿಸುತ್ತಿದ್ದವರೆಲ್ಲ ಎದ್ದು ಬಂದು ನಿಂತಿದ್ದರು. ಲಾರಿ ತಿರುವಿನಲ್ಲಿ ಮರೆಯಾಗುವಾಗ ಹಿಂದಿನ ನೀಲಿ ಬಾಗಿಲು ಒಮ್ಮೆ ಬಿಸಿಲಿಗೆ ಹೊಳೆಯಿತು.

ಕೇಂದ್ರದಲ್ಲಿ ಅದರ ಕೆಂಪು ಚುಕ್ಕೆ ಆರಿದಾಗ ಕುಲಕರ್ಣಿ ಗೋಡೆಯ ಮುಂದೆಯೇ ಇದ್ದ.

"ಪೂರ್ತಿ ಆಯುಷ್ಯ ಮುಗಿಸಿ ಆರಿದ್ದು ಈ ಗೋಡಿ ಮ್ಯಾಲ ಇದೊಂದ ನೋಡ್ರಿ," ಎಂದ. ಚಂಪಾ ತಲೆಯಾಡಿಸಿದಳು. ಆ ಜಾಗಕ್ಕೆ ಆಗಲೇ ಬೇರೊಂದು ಹಸಿರು ಬಂದು ಕೂತಿತ್ತು.

*

ಸುಮಿತ್ರಾಳಿಗೆ ನೋವು ಸುರುವಾದದ್ದು ನಡುಮಧ್ಯಾಹ್ನ. ಕಲ್ಲಪ್ಪ ಕರೆ ಮಾಡಿದ ಕೆಲವೇ ನಿಮಿಷದಲ್ಲಿ ಚಾಲಕನಿಲ್ಲದ ಹೊಸ ಕಾರು ಸಪ್ಪಳವಿಲ್ಲದೆ ಬಂದು ನಿಂತಿತು. ಹೆದ್ದಾರಿಯ ಇಳಿಜಾರಿನಲ್ಲಿ ಹೂವು ಹೊತ್ತಂತೆ ಇಳಿಯಿತು. ಹೆರಿಗೆ ಸಸೂತ್ರವಾಯಿತು, ಹೆಣ್ಣುಕೂಸು. ಬಿಳಿಗಾಡಿಯಾಗಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತ ಗುರುಪಾದಪ್ಪ ಸೊಸೆಯ ಕಡೆ ನೋಡಿ, "ಛಲೋ ಮಾಡಿದಿ ಯವ್ವಾ," ಎಂದ. ಅಷ್ಟೇ.

ಬಾಣಂತಿ ಕೂಸು ಮನೆಗೆ ಬಂದ ದಿನ ಅದೇ ಕಾರು ಕರೆತಂದಿತು. ಶಂಕ್ರವ್ವ ಆರತಿ ಬೆಳಗಿದಳು. ಹುಸೇನಬಿ ಕೂಸಿನ ದೃಷ್ಟಿ ತೆಗೆದಳು. ಎಲ್ಲರೂ ಒಳಗೆ ನಡೆಯುವಾಗ ಗುರುಪಾದಪ್ಪ ಮಾತ್ರ ಹಿಂದುಳಿದ. ತಲೆಯ ಪಟಗ ಸರಿಮಾಡಿಕೊಂಡು ಕಾರಿನ ಮುಂದೆ ನಿಂತ. ಬಾಗಿಲಲ್ಲಿದ್ದ ಚಂಪಾಳಿಗೆ ಅವನು ಏನು ಮಾಡುತ್ತಾನೆಂದು ತಿಳಿಯಿತು. ತಡೆಯಲು ಮನಸ್ಸಾಗಲಿಲ್ಲ.

"ಏನು ಕಮ್ಮಿ ಐತಿ ನಿನಗ?" ಎಂದು ಅವನು ಕೇಳಿದ.

ಕಾರಿನ ಒಳಗಿಂದ ಸ್ಪಷ್ಟವಾದ, ಊರು ಕೇರಿ ಇಲ್ಲದ ದನಿ ಬಂತು. "ನನ್ನ ಎಲ್ಲ ಭಾಗಗಳೂ ಸುಸ್ಥಿತಿಯಲ್ಲಿವೆ. ನನಗೆ ಯಾವುದೇ ಕೊರತೆ ಇಲ್ಲ."

"ಹಂಗಲ್ಲಪಾ. ನಮ್ಮ ಕೂಸಿನ್ನ ಹೊತ್ತು ತಂದಿ. ಏನರ ಒಂದ ಕೇಳು. ಹಗೂರಂದು ಕೊಡತೇನಿ, ಭಾರಂದಲ್ಲ."

"ಪ್ರಯಾಣಿಕರಿಂದ ಬಿಡಿಭಾಗಗಳನ್ನು ಸ್ವೀಕರಿಸುವುದಿಲ್ಲ. ಮೂರು ವರ್ಷದ ಬಳಿಕ ಈ ವಾಹನವನ್ನು ಬದಲಾಯಿಸಲಾಗುವುದು. ದಯವಿಟ್ಟು ಬದಿಗೆ ಸರಿಯಿರಿ."

ಗುರುಪಾದಪ್ಪ ಸರಿಯಲಿಲ್ಲ. ಕಾರು ತಾನೇ ಅವನನ್ನು ಬಳಸಿ, ಎಲ್ಲಿಯೂ ತಾಗದಂತೆ ನಾಜೂಕಾಗಿ ತಿರುಗಿ, ಓಣಿ ಹಿಡಿದು ಹೋಯಿತು. ಅವನು ಧೂಳು ಕೂರುವವರೆಗೆ ಅದನ್ನೇ ನೋಡುತ್ತ ನಿಂತ.

"ತಗೋವಲ್ತು," ಎಂದ ಚಂಪಾಳ ಕಡೆ ತಿರುಗಿ. "ಮತ್ತ ಇದರ ಋಣಾ ಹೆಂಗ ತೀರಸೂದವಾ?"

ಅಷ್ಟರಲ್ಲಿ ಹುಸೇನಬಿ ಒಳಗಿಂದ ಕೂಸನ್ನೆತ್ತಿಕೊಂಡು ಬಂದಳು.

"ತಗೋಳ್ದವರ ಋಣಾ ತೀರಂಗಿಲ್ಲ ಗುರುಪಾದಣ್ಣಾ, ಹೊತಗೊಂಡ ಇರಬೇಕು. ಹಿಡಿ ಇದನ್ನ. ನನ್ನ ರಟ್ಟಿ ಬಿದ್ದು ಹೋದಾವು."

ಗುರುಪಾದಪ್ಪ ಎರಡೂ ಕೈ ಚಾಚಿ ಮೊಮ್ಮಗಳನ್ನು ಇಸಕೊಂಡ. ಕೂಸು ಒಮ್ಮೆ ಮೈ ಮುರಿದು ಅವನ ತೋಳಿನಲ್ಲಿ ಸರಿಯಾಗಿ ಕೂತುಕೊಂಡಿತು. ಅವನು ಅದನ್ನು ಎದೆಗೆ ಒತ್ತಿಕೊಂಡು, ಮುಂದಿನ ಹೆಜ್ಜೆ ಎಲ್ಲಿಡಬೇಕೆಂದು ನೆಲ ನೋಡಿ ನೋಡಿ ಇಡುತ್ತ, ಮೆಲ್ಲಗೆ ಒಳಗೆ ನಡೆದ.